ಮಾಳಿಗೆಯ ಮಣ್ಣು, ಮಧ್ಯಾಹ್ನದ ನಿದ್ದೆ

ನಿವೃತ್ತಿಯಾದ ಮೇಲೆ ನಾನು ಮೊದಲು ಕಲಿತದ್ದು ಚಹಾವನ್ನು ಬಿಸಿಯಿರುವಾಗಲೇ ಕುಡಿಯುವುದನ್ನು. ನೌಕರಿಯಲ್ಲಿದ್ದಷ್ಟು ಕಾಲ ನನ್ನ ಕಪ್ಪಿನ ಮೇಲೆ ಕೆನೆ ಕಟ್ಟದ ದಿನ ನೆನಪಿಲ್ಲ. ಚಹಾ ಬರುವುದಕ್ಕೂ ಬಸ್ಸು ಬರುವುದಕ್ಕೂ ಸರಿಹೋಗುತ್ತಿತ್ತು. ಇಲ್ಲವೆ ಸಾಹೇಬರು ಕರೆಯುತ್ತಿದ್ದರು. ಇಲ್ಲವೆ ಯಾರೋ ಗೌಂಡಿ ಬಾಗಿಲಲ್ಲಿ ನಿಂತು, "ಬಾಯೀ, ಗ್ವಾಡಿ ಸೊಟ್ಟ ಆಗ್ಯಾದ, ಜಲ್ದಿ ಬರ್ರಿ" ಅನ್ನುತ್ತಿದ್ದ.

ನಾನು ಸರಕಾರದ ಕಟ್ಟಡ ವಿಭಾಗದಲ್ಲಿ ಜೂನಿಯರ್ ಇಂಜಿನಿಯರ್ ಆಗಿದ್ದೆ. ಉಮರ್ಗಾ, ನಿಲಂಗಾ, ಉದಗೀರ, ಮರಾಠಿ ಸೀಮೆಯ ಈ ಮೂರು ಊರುಗಳ ನಡುವೆಯೇ ನನ್ನ ನೌಕರಿ ಮುಗಿಯಿತು. ವಯಸ್ಸು ಇನ್ನೂ ಇರುವಾಗಲೇ ಸ್ವಯಂ ನಿವೃತ್ತಿ ತೆಗೆದುಕೊಂಡು ನಿಲಂಗಾದಲ್ಲಿ ನೆಲೆ ನಿಂತಿದ್ದೇನೆ. ಮಗಳು ಅಶ್ವಿನಿ ಈಗ ಉದಗೀರದಲ್ಲಿ ಅದೇ ಕೆಲಸಕ್ಕೆ ಹೊಸದಾಗಿ ಸೇರಿದ್ದಾಳೆ. ಇದನ್ನು ಬರೆಯಲು ಕೂಡಿಸಿದವಳು ಅವಳೇ. "ಅವ್ವಾ, ರೊಟ್ಟಿ ಬಡಿಯೂವಾಗ ಹೇಳ್ತಿಯಲ್ಲ, ಅದೆಲ್ಲಾ ಬರದು ಕೊಡು. ನಮ್ಮ ಸಂಗಟ ಸೇರಿದವರಿಗೂ ಓದಸ್ತೀನಿ. ಅವರಿಗಿ ಮಣ್ಣಿನ ಮನಿ ಒಳಗ ಹೋಗಿ ಗೊತ್ತಿಲ್ಲ" ಎಂದಳು. ಬಡ್ತಿಯ ವಿಷಯ ಬರೆಯುವುದಿಲ್ಲ. ಅದು ನಿಮಗೂ ಬರುತ್ತದೆ, ತಡವಾಗಿ ಬರುತ್ತದೆ, ಬಂದ ಮೇಲೆ ಹೇಳಿಕೊಳ್ಳುವಂಥದ್ದೇನೂ ಅದರಲ್ಲಿ ಇರುವುದಿಲ್ಲ.

ಮೊದಲು ನನ್ನ ಈಗಿನ ದಿನ ಹೇಗಿದೆ ಹೇಳುತ್ತೇನೆ. ಬೆಳಗ್ಗೆ ಎದ್ದು ಅಂಗಳ ಗುಡಿಸಿ, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸುತ್ತೇನೆ. ಆಮೇಲೆ ನೀಲಕಂಠೇಶ್ವರ ಗುಡಿಯವರೆಗೆ ನಡೆದು ಬರುತ್ತೇನೆ. ಆ ಗುಡಿಯ ಕಲ್ಲುಗಳು ಗಾರೆಯಿಲ್ಲದೆ ಒಂದರ ಮೇಲೊಂದು ಕುಳಿತು ಎಷ್ಟೋ ಕಾಲವಾಗಿದೆ. ದಿನಾಲೂ ನೋಡುತ್ತೇನೆ, ದಿನಾಲೂ ಬೆರಗಾಗುತ್ತದೆ. ತಿರುಗಿ ಬರುವ ಹೊತ್ತಿಗೆ ನನ್ನ ಯಜಮಾನರು ರೇವಣಪ್ಪನವರು ಚಹಾ ಇಟ್ಟಿರುತ್ತಾರೆ. ಅವರು ಟೇಲರ್. ಪೇಟೆಯ ಅಂಗಡಿ ಬಿಟ್ಟು ಮಶೀನನ್ನು ಮನೆಯ ಪಡಸಾಲೆಗೆ ತಂದುಕೊಂಡಿದ್ದಾರೆ. ಅವರು ಹೊಲಿದ ಬ್ಲೌಸಿಗೆ ಹುಕ್ಕು ಹಚ್ಚುವುದು ಈಗ ನನ್ನ ಉದ್ಯೋಗ.

"ಇಂಜಿನೇರ್ ಸಾಬ್, ಹುಕ್ಕು ಲೈನಿಗಿ ಬಂದಾವೇನು?" ಎಂದು ಕೇಳುತ್ತಾರೆ.

"ನಿಮ್ಮ ಹೊಲಿಗಿನೇ ಸೊಟ್ಟ ಅದ. ಹುಕ್ಕು ಏನ್ ಮಾಡ್ಬೇಕು?" ಎನ್ನುತ್ತೇನೆ.

"ಬಿಲ್ ಪಾಸ್ ಮಾಡಬ್ಯಾಡ ಮತ್ತ."

ಹೀಗೆ ಹೊತ್ತು ಏರುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಮುಂದಿಟ್ಟುಕೊಂಡು ಇಬ್ಬರೂ ಎದುರುಬದುರು ಕೂತು ಉಣ್ಣುತ್ತೇವೆ. ಮದುವೆಯಾಗಿ ಇಷ್ಟು ವರ್ಷವಾದರೂ ಮಧ್ಯಾಹ್ನದ ಊಟವನ್ನು ಜೊತೆಗೆ ಉಂಡದ್ದು ಹಬ್ಬಹರಿದಿನದಲ್ಲಿ ಮಾತ್ರವಾಗಿತ್ತು. ದೇವರು ದೊಡ್ಡವನು, ಇದನ್ನು ಉಳಿಸಿ ಕೊಟ್ಟ.

ಊಟವಾದ ಮೇಲೆ ಊರಿಗೆ ಊರೇ ಮಲಗುತ್ತದೆ. ಯಜಮಾನರು ಒಳಗಿನ ಖೋಲಿಗೆ ಹೋಗಿ ಫ್ಯಾನ್ ಹಾಕಿಕೊಂಡು ಮಲಗುತ್ತಾರೆ. ನಾನು ಅಂಗಳದಲ್ಲಿ, ತಗಡಿನ ಚಪ್ಪರದ ಕೆಳಗೆ, ಮಂಚದ ಮೇಲೆ ಅಡ್ಡಾಗುತ್ತಿದ್ದೆ. ಬೇಸಿಗೆಯಲ್ಲಿ ಆ ತಗಡು ಹೆಂಚಿನಂತೆ ಕಾಯುತ್ತದೆ. ನಿದ್ದೆ ಎಲ್ಲಿಂದ ಬರಬೇಕು? ಆದರೂ ಒಳಗೆ ಹೋಗುತ್ತಿರಲಿಲ್ಲ. ಮಧ್ಯಾಹ್ನವಷ್ಟೇ ಅಲ್ಲ, ರಾತ್ರಿಯೂ ಹಾಗೆಯೇ. ಲಾತೂರಿನ ಭೂಕಂಪದ ದಿನಗಳಿಂದ ನಾನು ಮಾಳಿಗೆಯ ಕೆಳಗೆ ಕಣ್ಣು ಮುಚ್ಚಿ ಮಲಗಿದವಳಲ್ಲ. ಅಶ್ವಿನಿ ಸಣ್ಣವಳಿದ್ದಾಗ ನನ್ನ ಜೊತೆ ಅಂಗಳದಲ್ಲಿ ಮಲಗುತ್ತಿದ್ದಳು. ಮಳೆ ಬಂದರೆ ಹಾಸಿಗೆ ಸುತ್ತಿಕೊಂಡು ಅಪ್ಪನ ಹತ್ತಿರ ಓಡುತ್ತಿದ್ದಳು. ನಾನು ಪಡಸಾಲೆಯ ಬಾಗಿಲ ಬಳಿ ಖುರ್ಚಿಯಲ್ಲಿ ಕೂತು ಮಳೆ ನಿಲ್ಲುವುದನ್ನು ಕಾಯುತ್ತಿದ್ದೆ.

ಈ ಮನೆಯನ್ನು ಕಟ್ಟಿಸಿದವಳು ನಾನೇ. ಜಾಗ ನೋಡುವಾಗ ಎಲ್ಲರೂ ನೀರು ನೋಡುತ್ತಾರೆ. ನಾನು ಲಾರಿ ಓಡುವ ರಸ್ತೆಯಿಂದ ಎಷ್ಟು ದೂರ ಎಂದು ನೋಡಿದೆ. ಪಾಯದಿಂದ ಸ್ಲ್ಯಾಬಿನವರೆಗೆ ಪ್ರತಿಯೊಂದು ಸರಳು ನನ್ನ ಕಣ್ಣ ಮುಂದೆ ಬಿದ್ದಿದೆ. ಈ ಮನೆ ಬೀಳುವುದಿಲ್ಲ ಎಂದು ಯಾರಿಗೆ ಬೇಕಾದರೂ ಬರೆದುಕೊಟ್ಟೇನು. ನನಗೆ ನಾನೇ ಬರೆದುಕೊಡಲು ಆಗಲಿಲ್ಲ. ಊರೂರು ತಿರುಗಿ "ಹೆದರಬ್ಯಾಡ್ರಿ, ಒಳಗ ಮಲಗ್ರಿ" ಎಂದು ಹೇಳುವುದೇ ನನ್ನ ಕೆಲಸವಾಗಿತ್ತು. ಒಳಗೆ ಮಲಗದವಳೂ ನಾನೇ. ನಿವೃತ್ತಿಯ ಈ ಸುಖದ ದಿನಗಳಲ್ಲಿ ಅದೊಂದೇ ಹೊತ್ತು ನನ್ನ ಕೈಗೆ ಸಿಗದೆ ಉಳಿದಿತ್ತು.

ಅದು ಹೇಗಾಯಿತು ಎನ್ನುವುದೇ ನನ್ನ ನೌಕರಿಯ ಕಥೆಯೂ ಹೌದು.

ನಮ್ಮ ತೌರುಮನೆ ಕಾಸಾರಶಿರಸಿ ಕಡೆಯದು. ಹೊಲಮನೆಯವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ನಮ್ಮಪ್ಪ ಹಟ ಹಿಡಿದು ನನ್ನನ್ನು ಲಾತೂರಿಗೆ ಕಳಿಸಿ ಇಂಜಿನಿಯರಿಂಗ್ ಓದಿಸಿದ. ನೌಕರಿಗೆ ಸೇರಿ ಉಮರ್ಗಾದಲ್ಲಿ ಬಾಡಿಗೆಯ ಖೋಲಿ ಹಿಡಿದು ಹೆಚ್ಚು ದಿನ ಆಗಿರಲಿಲ್ಲ, ಭೂಕಂಪವಾಯಿತು. ನಾನು ಬದುಕಿದೆ. ನಾನಿದ್ದ ಮನೆಯ ಗೋಡೆ ಸೀಳಿತು, ಬೀಳಲಿಲ್ಲ. ಬೆಳಗಾದ ಮೇಲೆ ಲೋಹಾರಾ ದಾರಿಯಲ್ಲಿ ನಾನು ನೋಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ, ನೋಡದವರಿಗೆ ಹೇಳಿ ಮುಗಿಯುವುದಿಲ್ಲ.

ಆ ನಂತರದ ತಿಂಗಳುಗಳಲ್ಲಿ ನೆಲ ಆಗಾಗ ಗುಡುಗುತ್ತಲೇ ಇತ್ತು. ನಮ್ಮ ಕಚೇರಿಯಲ್ಲಿ ಯಾರೂ ಚಪ್ಪಲಿ ಬಿಡುತ್ತಿರಲಿಲ್ಲ. ನಮ್ಮ ಜೋಶಿ ಸಾಹೇಬರು ಪುಣೆ ಕಡೆಯವರು, ಬಹಳ ಶಿಸ್ತಿನವರು. ಅವರು ಮೇಜಿನ ಮೇಲೆ ಒಂದು ಸ್ಟೀಲ್ ಗಿಲಾಸನ್ನು ಬೋರಲು ಹಾಕಿ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಇಡುತ್ತಿದ್ದರು. ನೆಲ ಸ್ವಲ್ಪ ನಡುಗಿದರೂ ಗಿಲಾಸು ಬೀಳಬೇಕು, ಸದ್ದಾದ ಕೂಡಲೆ ಎಲ್ಲರೂ ಹೊರಗೆ ಓಡಬೇಕು ಎಂದು ಅವರ ಹುಕುಂ. ಹಳ್ಳಿಹಳ್ಳಿಯಲ್ಲೂ ಜನ ಹೀಗೆಯೇ ಮಾಡುತ್ತಿದ್ದರು. ಒಂದು ದಿನ ಗಿಲಾಸು ಢಣಢಣ ಬಿದ್ದವು. ಸಾಹೇಬರು, ಕ್ಲಾರ್ಕು, ನಾನು, ಕಾಂಟ್ರಾಕ್ಟರ್, ಎಲ್ಲರೂ ಒಂದೇ ಓಟಕ್ಕೆ ಬೇವಿನ ಮರದ ಕೆಳಗೆ. ಒಳಗಿನಿಂದ ಜವಾನ ಮೈನೋದ್ದೀನ್ ಮಾಮು ಮೂಗು ಒರೆಸುತ್ತಾ ನಿಧಾನಕ್ಕೆ ಹೊರಬಂದ. "ಮಾಫ್ ಕರೋ ಸಾಬ್. ಭೂಕಂಪ್ ನಹೀ, ಮೈಚ್ ಹೂಂ, ನಾನೇ. ಸೀನು ಬಂದಿತ್ತು" ಎಂದ. ಆ ದಿನಗಳಲ್ಲಿ ನಾವು ಹೊಟ್ಟೆ ಹಿಡಿದು ನಕ್ಕದ್ದು ಅದೊಂದೇ ಸಲ. ಮರದ ಕೆಳಗೆ ನಿಂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಆಮೇಲೆ ಯಾರೂ ಮೊದಲು ಒಳಗೆ ಹೋಗಲಿಲ್ಲ. ಮಾಮುನೇ ಹೋಗಿ ಗಿಲಾಸನ್ನು ಮತ್ತೆ ಜೋಡಿಸಿದ.

ನಾನೂ ಆಗ ಗಿಲಾಸು ಇಡಲು ಶುರುಮಾಡಿದೆ. ಇವತ್ತಿಗೂ ನನ್ನ ಮಂಚದ ಪಕ್ಕದಲ್ಲಿ ಎರಡು ಗಿಲಾಸು ಬೋರಲಾಗಿ ಒಂದರ ಮೇಲೊಂದು ನಿಂತಿರುತ್ತವೆ.

ಉಳಿದ ಮನೆಗಳನ್ನು ಗಟ್ಟಿ ಮಾಡುವ ಕೆಲಸ ನಮ್ಮ ಪಾಲಿಗೆ ಬಂತು. ನಮ್ಮ ಕಡೆಯ ಹಳೆಯ ಮನೆ ನೀವು ನೋಡಿರುವಿರೋ ಇಲ್ಲವೋ. ಎರಡು ಕೈ ಅಗಲದ ಕಲ್ಲಿನ ಗೋಡೆ. ಹೊರಮುಖಕ್ಕೆ ಒಂದು ಸಾಲು, ಒಳಮುಖಕ್ಕೆ ಒಂದು ಸಾಲು, ನಡುವೆ ಮಣ್ಣು, ಚೂರುಗಲ್ಲು. ಎರಡನ್ನೂ ಹಿಡಿದಿಡುವ ಅಡ್ಡಗಲ್ಲು ಇರುವುದಿಲ್ಲ. ಮಾಳಿಗೆ ಅಂದರೆ ಮೇಲಿನ ಚಾವಣಿ: ತೊಲೆ, ಜಂತಿ, ಹಲಗೆ, ಹಲಗೆಯ ಮೇಲೆ ಬಿಳಿಮಣ್ಣು. ಸೋರಬಾರದೆಂದು ಪ್ರತಿ ವರ್ಷ ಮಿರಗದ, ಅಂದರೆ ಮೃಗಶಿರಾ ಮಳೆಗೆ ಮುಂಚೆ ಮೇಲೆ ಹೊಸ ಮಣ್ಣು ಹಾಕುತ್ತಾರೆ. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಅಜ್ಜ ಹಾಕಿದ, ಅಪ್ಪ ಹಾಕಿದ, ಮಗ ಹಾಕಿದ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ನೆಲ ನಡುಗಿದಾಗ ಆ ತಂಪೆಲ್ಲ ತಲೆಯ ಮೇಲೆ ಬಂತು. ಮಣ್ಣು ಇಳಿಸಿ, ಅಡ್ಡಗಲ್ಲು ಕೂರಿಸಿ, ಕಂಬಕ್ಕೂ ತೊಲೆಗೂ ನಡುವೆ ಓರೆಪಟ್ಟಿ ಬಡಿಯುವುದು, ಇಷ್ಟೇ ನಮ್ಮ ಕೆಲಸ.

ಹೇಳಲು ಸುಲಭ. ಜನ ನಂಬಬೇಕಲ್ಲ? ಅದಕ್ಕೆ ಸಾಹೇಬರು ಒಂದು ಉಪಾಯ ಮಾಡಿದರು. ಒಂದು ಹಲಗೆಯ ಕೆಳಗೆ ಚಕ್ರ ಹಚ್ಚಿಸಿ, ಅದರ ಮೇಲೆ ಎರಡು ಸಣ್ಣ ಮನೆ ಕಟ್ಟಿಸಿದರು. ಒಂದು ಹಳೆಯ ರೀತಿ, ಒಂದು ಗಟ್ಟಿ ಮಾಡಿದ ರೀತಿ. ಜನರ ಮುಂದೆ ಹಲಗೆ ಅಲ್ಲಾಡಿಸಿದರೆ ಹಳೆಯದು ಬೀಳಬೇಕು, ಗಟ್ಟಿಯದು ನಿಲ್ಲಬೇಕು. ಮೊದಲ ಊರಿನಲ್ಲಿ ಚಾವಡಿಯ ಮುಂದೆ ಜನ ತುಂಬಿತ್ತು. ನಾನು ಮರಾಠಿಯಲ್ಲೂ ಕನ್ನಡದಲ್ಲೂ ಭಾಷಣ ಹೊಡೆದು ಹಲಗೆ ಎಳೆದೆ. ಗಟ್ಟಿ ಮನೆ ಧಡಕ್ಕನೆ ಕುಸಿದು ಕೂತಿತು. ಹಳೆಯ ಮನೆ ಗೌಡನಂತೆ ನಿಂತಿತ್ತು. ಗಟ್ಟಿ ಮನೆಯನ್ನು ಹಿಂದಿನ ದಿನವಷ್ಟೇ ಕಟ್ಟಿದ್ದರಂತೆ, ಮಣ್ಣು ಇನ್ನೂ ಹಸಿಯಾಗಿತ್ತು. ಹಿಂದಿನಿಂದ ಯಾರೋ ಮುದುಕ ಕೂಗಿದ: "ಬಾಯೀ, ನಮಗ ಹಳೀದೇ ಇರ್ಲಿ. ಆ ಗಟ್ಟಿದು ಸರಕಾರಕ್ಕೇ ಇಟ್ಕೋರಿ!"

ಕಿರಿಯರೇ, ಜನರ ಮುಂದೆ ತೋರಿಸುವುದನ್ನು ಮನೆಯಲ್ಲಿ ಒಮ್ಮೆ ಮಾಡಿ ನೋಡಿ.

ಆ ಮುದುಕನ ಊರು ಕಾಸಾರಶಿರಸಿಯಿಂದ ಒಳಗೆ, ಡಾಂಬರಿಲ್ಲದ ದಾರಿಯಲ್ಲಿ ಇತ್ತು. ಆ ಊರಲ್ಲೇ ಗಂಗವ್ವ ಇದ್ದಳು. ಗಂಡ ತೀರಿಕೊಂಡಿದ್ದ. ಮಗ, ಸೊಸೆ ಶಾಂತಾ, ತೊಟ್ಟಿಲಲ್ಲಿ ಕೂಸು. ಮನೆ ದೊಡ್ಡದು, ಮಾಳಿಗೆಯ ಮಣ್ಣು ಎದೆಮಟ್ಟ. ಮುಂದಿನ ಗೋಡೆ ಹೊಟ್ಟೆ ಬಿಟ್ಟಿತ್ತು. ಊರಲ್ಲಿ ಎಲ್ಲರಿಗಿಂತ ಮೊದಲು ಮಾಡಬೇಕಾದ ಮನೆ ಅದು. ಗಂಗವ್ವ ಮಾತ್ರ ಬಾಗಿಲಿಗೆ ಅಡ್ಡ ಕೂತುಬಿಟ್ಟಳು.

"ಅಜ್ಜೀ, ನಿಮ್ಮ ಮಾಳಿಗಿ ಮ್ಯಾಲ ಆನಿ ಕುಂತಂಗ ಅದ" ಎಂದೆ.

"ಕುಂತ್ರ ಕುಂದರ್ಲಿ ಬಿಡು. ಅದಕ್ಕೇನು ನಾವು ಮೇವು ಹಾಕ್ತೀವಾ?"

"ಮಣ್ಣು ತೆಗೀಬೇಕು ಅಜ್ಜಿ. ಇಲ್ಲಾಂದ್ರ ಜೀವಕ್ಕ ಅಪಾಯ."

ಆಕೆ ಹೇಳಿದಳು: "ನೀ ಕಲ್ತಾಕಿ. ನಿನಗ ಅದು ಬರೇ ಮಣ್ಣು. ಈ ಮನಿಗಿ ಬಂದ ಸೊಸಿ ಮೊದಲನೇ ಮಿರಗಕ್ಕ ಒಂದು ಬುಟ್ಟಿ ಬಿಳಿಮಣ್ಣು ಹೊತ್ತು ಮಾಳಿಗಿಗಿ ಹಾಕ್ತಾಳ. ಅಲ್ಲೀತನಕ ಆಕಿ ಈ ಮನಿಯಾಕಿ ಅಲ್ಲ. ಮ್ಯಾಲಿಂದು ಶಾಂತಾಂದು. ಅದರ ಕೆಳಗ ನಂದು. ನನ್ನ ಕೆಳಗ ನಮ್ಮ ಅತ್ತಿದು. ಅದರ ಕೆಳಗ ಅಕಿ ಅತ್ತಿದು. ಯಾರಿಗಿ ಹೊರಗ ಹಾಕ್ಲಿ, ನೀನೇ ಹೇಳು."

ಕಾಲೇಜಿನಲ್ಲಿ ಮಾಳಿಗೆಯ ಭಾರ ಲೆಕ್ಕ ಹಾಕಲು ಕಲಿಸಿದ್ದರು, ಅತ್ತೆಯರ ಭಾರ ಲೆಕ್ಕ ಹಾಕಲು ಕಲಿಸಿರಲಿಲ್ಲ. ಸಾಹೇಬರಿಗೆ ಬಂದು ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. "ಅವಳ ಮಾತು ತಪ್ಪಲ್ಲ. ನೀವು ಮತ್ತೆ ಹೋಗಿ. ಭಾಷಣ ಮಾಡಬೇಡಿ, ಚಹಾ ಕುಡಿದು ಬನ್ನಿ" ಎಂದರು. ಅಂಥ ಮೇಲಧಿಕಾರಿ ನಿಮಗೂ ಸಿಗಲಿ.

ಹೋದೆ. ಚಹಾ ಕುಡಿದೆ. ಮತ್ತೂ ಹೋದೆ. ಒಂದು ಸಂಜೆ ಗಂಗವ್ವ ಅತ್ತೆಯ ಮಾತು ತೆಗೆದಳು. ಅತ್ತೆಗೆ ಹೊತ್ತು ಮುಳುಗುವಾಗ ಮನೆಯ ಮುಂದೆ ಕೂತು ಹೋಗಿಬರುವವರನ್ನು ಮಾತಾಡಿಸುವುದೆಂದರೆ ಪ್ರಾಣವಂತೆ. ಕೂಡಲು ಒಂದು ಕಟ್ಟೆ ಕಟ್ಟಿಸಿಕೊಡು ಎಂದು ಗಂಡನಿಗೆ ಹೇಳಿ ಹೇಳಿ, ಕಟ್ಟೆಯಿಲ್ಲದೆಯೇ ಸತ್ತಳಂತೆ. ಒಳಗೆ ಕೂಸಿಗೆ ಹಾಲೂಡಿಸುತ್ತಿದ್ದ ಶಾಂತಾ ಅಲ್ಲಿಂದಲೇ ಮೆಲ್ಲಗೆ, "ಹಂಗಾದ್ರ ಅತ್ತಿ, ಆ ಮಣ್ಣಲೇ ಕಟ್ಟಿ ಕಟ್ಟಿದ್ರ? ಯಾರಿಗೂ ಹೊರಗ ಹಾಕ್ದಂಗ ಆಗೂದಿಲ್ಲ. ಮನಿ ಮುಂದ ಕುಂದರಿಸಿದಂಗ ಆಗ್ತದ" ಎಂದಳು.

ಮರುದಿನ ನಾವು ಹೋದಾಗ ಗಂಗವ್ವ ಬಾಗಿಲಿಗೆ ಅಡ್ಡ ಕೂತಿರಲಿಲ್ಲ, ಬುಟ್ಟಿ ಹಿಡಿದು ನಿಂತಿದ್ದಳು.

ಒಳಗಿನ ಖೋಲಿಯಿಂದ ಶುರುವಾಯಿತು. ಆಳುಗಳಿಗೆ ಆಕೆ ಮೊದಲ ಬುಟ್ಟಿ ಮುಟ್ಟಗೊಡಲಿಲ್ಲ. ಶಾಂತಾಳ ಬುಟ್ಟಿಯನ್ನು ಶಾಂತಾ ಇಳಿಸಿದಳು, ತನ್ನದನ್ನು ತಾನು ಇಳಿಸಿದಳು. ಮೇಲಿನ ಮಣ್ಣು ಮೊದಲು ಇಳಿದದ್ದರಿಂದ ಕಟ್ಟೆಯಲ್ಲಿ ಅದು ಕೆಳಗಾಯಿತು, ತಳದ ಮಣ್ಣು ಮೇಲೆ ಬಂತು. ಗಂಗವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿ, "ನೋಡ್ರಿ, ಇಲ್ಲೂ ಅತ್ತಿನೇ ಮ್ಯಾಲ ಬಂದು ಕುಂತಾಳ. ಜೀವ ಇದ್ದಾಗೂ ಹಿಂಗೇ ಇದ್ಲು" ಎಂದಳು. ಊರೆಲ್ಲ ನಕ್ಕಿತು. ಆ ವಾರವೇ ಪಕ್ಕದ ಮನೆಯವರೂ ಬುಟ್ಟಿ ಹಿಡಿದರು. ಚಕ್ರದ ಹಲಗೆ ಮಾಡಲಾರದ್ದನ್ನು ಆ ಕಟ್ಟೆ ಮಾಡಿತು.

ಒಳಖೋಲಿಯ ಮಾಳಿಗೆ ಹಗುರಾಗಿ, ಅಲ್ಲಿ ಓರೆಪಟ್ಟಿಯೂ ಬಿತ್ತು. ನಡುಮನೆಯ ಮಣ್ಣು ಇನ್ನೂ ಮೇಲೆಯೇ ಇತ್ತು. ಆಳುಗಳು ಊಟಕ್ಕೆ ಹೋಗಿದ್ದರು. ಶಾಂತಾ ಕೂಸನ್ನೆತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ನಾನು ನಡುಮನೆಯಲ್ಲಿ ನಿಂತು ತೊಲೆಯ ತುದಿ ಗೋಡೆಯೊಳಗೆ ಎಷ್ಟು ಹೊಕ್ಕಿದೆ ಎಂದು ಬ್ಯಾಟರಿ ಬಿಟ್ಟು ನೋಡುತ್ತಿದ್ದೆ. ಗಂಗವ್ವ ಒಳಖೋಲಿಯಲ್ಲಿ ಕಾಳು ಕೇರುತ್ತಿದ್ದಳು.

ಮೊದಲು ಸದ್ದು ಬಂತು. ಹೊಲದಲ್ಲಿ ಭಾರದ ಟ್ರ್ಯಾಕ್ಟರ್ ಬಂದಂತೆ, ಆದರೆ ಕಾಲ ಕೆಳಗಿನಿಂದ. ಆಮೇಲೆ ಜಂತಿಯ ಸಂದಿನಿಂದ ಮಣ್ಣು ಹಿಟ್ಟಿನಂತೆ ಸುರಿಯತೊಡಗಿತು. ಏನು ಮಾಡಬೇಕೆಂದು ನಾನು ನೂರಾರು ಜನರಿಗೆ ಹೇಳಿದವಳು. ಹೊರಗೆ ಓಡಬೇಕು. ಬಾಗಿಲು ಎದುರಿಗೇ ಇತ್ತು. ನನ್ನ ಕಾಲು ಕೀಳಲಿಲ್ಲ. ಕಣ್ಣು ಮಾತ್ರ ಆ ತೊಲೆಯ ತುದಿಯ ಮೇಲೆ ನೆಟ್ಟಿತ್ತು. ಅದು ಗೋಡೆಯಿಂದ ನಿಧಾನಕ್ಕೆ ಹೊರಗೆ ಬರುತ್ತಿತ್ತು, ಪೆಟ್ಟಿಗೆಯಿಂದ ಕಡ್ಡಿ ಎಳೆದಂತೆ.

"ಬಾಯೀ, ಒಳಗ ಬಾ! ಈ ಖೋಲಿ ಹಗುರಾಗ್ಯಾದ!"

ಗಂಗವ್ವನ ಕೈ ನನ್ನ ರಟ್ಟೆ ಹಿಡಿದು ಒಳಕ್ಕೆ ಎಳೆಯಿತು. ನಾವು ಒಳಖೋಲಿಯ ಮೂಲೆಗೆ ಬೀಳುವುದಕ್ಕೂ ಬಾಗಿಲ ಮೇಲಿನ ಗೋಡೆ ಹೊರಮುಖವಾಗಿ ಜಾರುವುದಕ್ಕೂ, ನಡುಮನೆಯ ಮಾಳಿಗೆ ಇಳಿಯುವುದಕ್ಕೂ ಹೆಚ್ಚು ಅಂತರವಿರಲಿಲ್ಲ. ನಾನು ಹೊರಗೆ ಓಡಿದ್ದರೆ ಆ ಕಲ್ಲುಗಳ ಕೆಳಗೆ, ನಿಂತಲ್ಲೇ ನಿಂತಿದ್ದರೆ ಆ ಮಣ್ಣಿನ ಕೆಳಗೆ ಇರುತ್ತಿದ್ದೆ. ಒಳಖೋಲಿಯ ಮಾಳಿಗೆ ಕಿರುಗುಟ್ಟಿತು, ತೂಗಿತು, ನಿಂತಿತು. ಧೂಳಿನಲ್ಲಿ ಗಂಗವ್ವನ ಮುಖ ಕಾಣುತ್ತಿರಲಿಲ್ಲ. ಹೊರಗೆ, ಕೂಸಿನೊಡನೆ ಕಟ್ಟೆಯಿಂದ ಬೀದಿಗೆ ಓಡಿದ್ದ ಶಾಂತಾ "ಅತ್ತೀ, ಅತ್ತೀ" ಎಂದು ಕೂಗುವುದು ಕೇಳುತ್ತಿತ್ತು. ನಮ್ಮನ್ನು ಹಿತ್ತಲ ಕಡೆಯ ಕಿಂಡಿ ಅಗಲ ಮಾಡಿ ತೆಗೆಯುವವರೆಗೆ ಗಂಗವ್ವ ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಅಜ್ಜೀ, ಇದು ಬೀಳ್ತದ" ಎಂದೆನಂತೆ.

"ಹುಚ್ಚಿ. ಬೀಳೂದಿಲ್ಲ ಅಂತ ನೀನೇ ಹೇಳಿದಿ ಅಲ್ಲ?"

ನಾನು ಆಡಿದ ಮಾತನ್ನು ನನಗಿಂತ ಹೆಚ್ಚು ಆಕೆ ನಂಬಿದ್ದಳು. ಇದನ್ನು ನಾನು ಎಷ್ಟೋ ಸಲ ತಿರುವಿ ಹಾಕಿದ್ದೇನೆ. ಬಸ್ಸಿನಲ್ಲಿ, ಮೀಟಿಂಗಿನಲ್ಲಿ, ರೊಟ್ಟಿ ಬಡಿಯುವಾಗ. ಆ ತೊಲೆಯ ತುದಿ ಇನ್ನೂ ಹೊರಗೆ ಬರುತ್ತಲೇ ಇರುತ್ತದೆ. ಯಾವ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತೇನೆ, ಆಮೇಲೆ ಬಾಗಿಲು, ಆಮೇಲೆ ಮನೆಯವರ ಮುಖ. ಬೀಗರು ತಪ್ಪು ತಿಳಿದದ್ದೂ ಉಂಟು.

ಜೋಶಿ ಸಾಹೇಬರು ರಜೆ ಬರೆದುಕೊಟ್ಟರು. ಬೇರೆ ಕೆಲಸ ಬೇಕಾದರೆ ಹೇಳಿ ಎಂದರು. ಆ ಮನೆ ಮುಗಿಸಿ ಬರುತ್ತೇನೆ ಎಂದೆ. ನಡುಮನೆಯನ್ನು ಮೊದಲಿನಿಂದ ಕಟ್ಟಿದೆವು, ಹಗುರಾಗಿ. ಒಳಖೋಲಿ ಹಾಗೇ ಉಳಿಯಿತು. ಅಲ್ಲಿಂದ ಹಳ್ಳಿ ಬಿಟ್ಟು ಹಳ್ಳಿ ಹೋದೆ. ಮಾಳಿಗೆಯ ಕೆಳಗೆ ನಿಂತು ಕೆಲಸ ಮಾಡುವುದು ಆಗುತ್ತಿತ್ತು, ಮಲಗುವುದೊಂದು ಆಗುತ್ತಿರಲಿಲ್ಲ. ನಿಂತವರು ಓಡಬಹುದು, ನಿದ್ದೆ ಹೋದವರು ಇನ್ನೊಬ್ಬರನ್ನು ನಂಬಿರುತ್ತಾರೆ.

ಕಾಲ ಸರಿದಂತೆ ಕೆಲಸದ ರೀತಿ ಬದಲಾಯಿತು. ನೂಲುಗುಂಡು, ಟೇಪು ಹೋಗಿ ಗುಂಡಿ ಒತ್ತಿದರೆ ಅಳತೆ ಹೇಳುವ ಯಂತ್ರ ಬಂತು. ಕಲ್ಲು ಹೋಗಿ ಸ್ಲ್ಯಾಬು ಬಂತು. ಈಗ ಅಶ್ವಿನಿಯ ಕಚೇರಿಯಲ್ಲಿ ಮೊಬೈಲಿನಲ್ಲೇ ಫೋಟೊ ತರಿಸಿಕೊಂಡು ಮನೆ ತಪಾಸಣೆ ಮಾಡುತ್ತಾರಂತೆ. ಒಳ್ಳೆಯದೇ, ನಾನು ಬಿಸಿಲಲ್ಲಿ ನಡೆದದ್ದನ್ನು ನೀವು ನಡೆಯಬೇಕಿಲ್ಲ. ಆದರೆ ಬಿರುಕು ಫೋಟೊದಲ್ಲಿ ಕಾಣುತ್ತದೆ, ಬಾಗಿಲಿಗೆ ಅಡ್ಡ ಕೂತವಳು ಯಾಕೆ ಕೂತಿದ್ದಾಳೆ ಎನ್ನುವುದು ಕಾಣುವುದಿಲ್ಲ. ಅದಕ್ಕೆ ಒಳಗೆ ಹೋಗಿ ಚಹಾ ಕುಡಿಯಬೇಕು.

ಕೊನೆಕೊನೆಗೆ ನಮ್ಮ ಕಚೇರಿಯನ್ನು ಹೊಸ ಕಟ್ಟಡದ ಮೇಲಿನ ಮಹಡಿಗೆ ಒಯ್ದರು. ಕಿಟಕಿಯಿಂದ ದೂರದ ಮೂಲೆ ನನಗೆ ಬಂತು. ಕೂತಲ್ಲಿ ಕೂತು ಬಿಲ್ಲು ನೋಡುವ ಕೆಲಸ. ಅಲ್ಲಿ ಮನಸ್ಸು ಹತ್ತಲಿಲ್ಲ. "ಬಿಟ್ಟು ಬಾ. ಹುಕ್ಕು ಹಚ್ಚಲಿಕ್ಕ ಮಂದಿ ಸಿಗ್ಲಕತ್ತಿಲ್ಲ" ಎಂದರು ಯಜಮಾನರು. ಬಿಟ್ಟು ಬಂದೆ.

ಕಳೆದ ಮಿರಗಕ್ಕೆ ಮುಂಚೆ ಶಾಂತಾ ಫೋನ್ ಮಾಡಿದಳು. ಗಂಗವ್ವ ತೀರಿಕೊಂಡು ಕೆಲವು ವರ್ಷವಾಗಿತ್ತು. ತೊಟ್ಟಿಲಲ್ಲಿದ್ದ ಕೂಸಿಗೆ ಮದುವೆಯಾಗಿತ್ತು, ಹೆಣ್ಣು ಜಳಕೋಟ ಕಡೆಯವಳು. "ಬಾಯೀ, ನಾಳಿಗಿ ಹೊಸ ಸೊಸಿ ಬುಟ್ಟಿ ಹೊರ್ತಾಳ. ನಮ್ಮ ಅತ್ತಿ ಇದ್ದಿದ್ರ ನಿಮಗ ಕರೀತಿದ್ಲು. ಅಕಿ ಇಲ್ಲ, ನಾ ಕರೀಲಕತ್ತೀನಿ" ಎಂದಳು. ಮಣ್ಣು ಇಳಿಸಿದ ಮೇಲೆ ಆ ಮನೆಯ ಸೊಸೆಯರ ಮೊದಲ ಬುಟ್ಟಿ ಮಾಳಿಗೆಗೆ ಹೋಗುವುದಿಲ್ಲ, ಕಟ್ಟೆಗೆ ಬೀಳುತ್ತದೆ. ಮಳೆಗೆ ಕಟ್ಟೆ ಕರಗುತ್ತದೆ, ಮಣ್ಣು ಬೇಕೇ ಬೇಕು.

ಹೋದೆ. ಹುಡುಗಿಗೆ ಮರಾಠಿ ಬಿಟ್ಟು ಬೇರೆ ಬಾರದು. ಬುಟ್ಟಿ ಹೊತ್ತು ನಗುತ್ತಾ ಬಂದು ಕಟ್ಟೆಯ ಮೇಲೆ ಸುರಿದಳು. ಶಾಂತಾ ನೀರು ಚಿಮುಕಿಸಿ ಅಂಗೈಯಿಂದ ತಟ್ಟಿದಳು. "ಈಗ ಈಕಿ ಮ್ಯಾಲ ಬಂದ್ಲು. ನಮ್ಮ ಅತ್ತಿ ಕೆಳಗ ಬೈಲಕತ್ತಿರಬೇಕು" ಎಂದಳು. ಹೋಳಿಗೆ ಊಟವಾಯಿತು. ನಾನು ಆ ಕಟ್ಟೆಯ ಮೇಲೆಯೇ ಒರಗಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ ಮಳೆ ಬಂತು. ಒಳ್ಳೆಯ ಅಡ್ಡಮಳೆ. ಹೆಂಗಸರೆಲ್ಲ ಒಳಗೆ ಓಡಿದೆವು. ಶಾಂತಾ ಒಳಖೋಲಿಯಲ್ಲಿ ಚಾಪೆ ಹಾಸಿದಳು. ಅದೇ ಖೋಲಿ.

"ಅಡ್ಡ ಆಗ್ರಿ ಬಾಯಿ. ಮಳಿ ನಿಂದರ್ಲಿ, ಆಮ್ಯಾಲ ಹೋಗೂರಿ."

ಮನೆಯವರ ಮನಸ್ಸು ನೋಯಿಸಬಾರದೆಂದು ತಲೆ ಊರಿದೆ. ಅಭ್ಯಾಸದಂತೆ ಮೇಲೆ ನೋಡಿದೆ. ನಾನು ಬಡಿಸಿದ ಓರೆಪಟ್ಟಿ ಹೊಗೆಗೆ ಕಪ್ಪಾಗಿ ತೊಲೆಯ ಬಣ್ಣಕ್ಕೆ ಸೇರಿತ್ತು. ಅದಕ್ಕೆ ಯಾರೋ ಬೆಳ್ಳುಳ್ಳಿ ಗೊಂಚಲು ಕಟ್ಟಿದ್ದರು. ಬಾಗಿಲು ಕಾಲ ಕಡೆಗಿತ್ತು. ಕೈಯಿಂದ ಗೋಡೆ ಸವರಿದೆ, ಅಡ್ಡಗಲ್ಲಿನ ತುದಿ ಬೆರಳಿಗೆ ತಾಕಿತು. ಪಕ್ಕದಲ್ಲಿ ಶಾಂತಾ ಆಗಲೇ ಗೊರಕೆ ಹೊಡೆಯುತ್ತಿದ್ದಳು. ನನ್ನಂತೆ ಮೂವತ್ತು ಸಲ ಮೇಲೆ ನೋಡದೆ, ಬಾಗಿಲು ಹುಡುಕದೆ, ನಾನು ಕಟ್ಟಿದ್ದರ ಕೆಳಗೆ ಈ ಹೆಣ್ಣುಮಗಳು ದಿನಾಲೂ ಹೀಗೇ ಮಲಗುತ್ತಾಳೆ ಅನ್ನಿಸಿತು. ಮಳೆ ಮಾಳಿಗೆಯ ಮೇಲೆ ಸಣ್ಣಗೆ ಬಡಿಯುತ್ತಿತ್ತು. ಹಗುರ ಮಾಳಿಗೆಯ ಮೇಲೆ ಮಳೆ ಕೇಳುತ್ತದೆ. ಎದೆಮಟ್ಟ ಮಣ್ಣಿದ್ದಾಗ ಕೇಳುತ್ತಿರಲಿಲ್ಲ. ಇಷ್ಟು ನೆನಪಿದೆ.

ಎಚ್ಚರವಾದಾಗ ಮಳೆ ನಿಂತಿತ್ತು. ನನ್ನ ತಲೆಯ ಹತ್ತಿರ ಕಪ್ಪಿನ ಮೇಲೆ ಬಶಿ ಮುಚ್ಚಿತ್ತು. ಹೊಸ ಸೊಸೆ ಬಾಗಿಲಲ್ಲಿ ಕೂತಿದ್ದಳು.

"ಗಾರ್ ಝಾಲಾ, ಕಾಕು" ಎಂದಳು. ಚಹಾ ಆರಿಹೋಗಿದೆ, ಬೇರೆ ಮಾಡುತ್ತೇನೆ, ಎಬ್ಬಿಸಬೇಡ ಎಂದು ಅತ್ತೆ ಹೇಳಿದ್ದರು ಎಂದಳು. ಬೇಡವೆಂದೆ. ಕೆನೆ ಸರಿಸಿ ಅದನ್ನೇ ಕುಡಿದೆ. ಅರ್ಧ ಸೀರೆಯ ಮೇಲೆ ಚೆಲ್ಲಿತು. ಹುಡುಗಿ ನೋಡಿಯೂ ನೋಡದಂತೆ ಕೂತಿದ್ದಳು. ಈ ಮನೆಗೆ ತಕ್ಕವಳು.

ಮನೆಗೆ ಬಂದಾಗ ಯಜಮಾನರು ಮಶೀನಿನ ಮುಂದಿದ್ದರು. "ಇಷ್ಟೊತ್ತನಾ? ಎಲ್ಲಿದ್ದಿ?"

"ಮಲಗಿದ್ದೆ."

"ಕಟ್ಟಿ ಮ್ಯಾಲಾ? ಮಳ್ಯಾಗ?"

"ಒಳಗ. ಗಂಗವ್ವನ ಖೋಲ್ಯಾಗ."

ಮಶೀನು ನಿಂತಿತು. ಅವರು ತಲೆ ಎತ್ತಲಿಲ್ಲ. ಸೂಜಿಗೆ ದಾರ ಇದ್ದರೂ ಮತ್ತೊಮ್ಮೆ ಪೋಣಿಸಲು ಹೋದರು. "ಹಂಗಾದ್ರ ನಮ್ಮ ಮನಿ ಏನ್ ತಪ್ಪು ಮಾಡ್ಯಾದ? ಕಟ್ಟಿದ ಇಂಜಿನೇರ್ ಸರಿ ಇರಲಿಲ್ಲೇನು?" ಎಂದರು.

ಮರುದಿನ ಊಟವಾದ ಮೇಲೆ ಇಬ್ಬರೂ ಕೂಡಿ ಅಂಗಳದ ಮಂಚವನ್ನು ಒಳಗೆ ಎತ್ತಿಟ್ಟೆವು. ಎರಡು ಗಿಲಾಸನ್ನೂ ಒಯ್ದೆ. ಅವನ್ನು ಬಿಟ್ಟು ಬರುವಷ್ಟು ಧೈರ್ಯ ಇನ್ನೂ ಬಂದಿಲ್ಲ, ಸುಳ್ಳೇಕೆ ಹೇಳಲಿ? ಕೆಲವು ದಿನ ಎದ್ದು ಹೊರಗೆ ಬಂದುಬಿಡುತ್ತೇನೆ. ಹಲವು ದಿನ ಬರುವುದಿಲ್ಲ. ಫ್ಯಾನಿನ ಗಾಳಿಗೆ ಸೆರಗು ಹಾರುತ್ತದೆ, ಪಕ್ಕದಲ್ಲಿ ಅವರು ಗೊರಕೆ ಹೊಡೆಯುತ್ತಾರೆ, ತೊಲೆಯ ತುದಿ ಬರುತ್ತದೆ, ಅದರ ಹಿಂದೆಯೇ ಗಂಗವ್ವನ ದನಿಯೂ ಬರುತ್ತದೆ.

ಬಿಸಿ ಚಹಾ ಕುಡಿಯುವುದನ್ನು ಕಲಿತೆ ಎಂದು ಮೊದಲಿಗೆ ಬರೆದೆ. ಅದು ಬೆಳಗಿನ ಚಹಾದ ಮಾತು. ಮಧ್ಯಾಹ್ನದ ನನ್ನ ಕಪ್ಪಿನ ಮೇಲೆ ಈಗ ಮತ್ತೆ ಕೆನೆ ಕಟ್ಟುತ್ತಿದೆ. ಅವರು ಚಹಾ ತಂದಿಟ್ಟು, ಬಶಿ ಮುಚ್ಚಿ, ಎಬ್ಬಿಸದೆ ಹೋಗಿರುತ್ತಾರೆ.